ಖಲಾಸ್ ಎಂದ ಶುಕ್ರವಾರ

ಕುವೈತ್ ಬಿಟ್ಟು ಊರಿಗೆ ಹೊರಟ ಅಣ್ಣನಿಗೆ ಒಂದೇ ಆಸೆಯಿತ್ತು: ವಿಮಾನ ನಿಲ್ದಾಣದವರೆಗೆ ತನ್ನ ಹಳೆಯ ಕಾರನ್ನು ತಾನೇ ಓಡಿಸಬೇಕು, ಅಲ್ಲಿ ಕೀಲಿಯನ್ನು ನನ್ನ ಕೈಗಿಡಬೇಕು. ಆ ಕಾರಿಗೋ ಮೊದಲಿಂದಲೂ ಹೊತ್ತುಗೊತ್ತು ಇರಲಿಲ್ಲ. ಹಿಂದಿನ ದಿನವೇ ವಾಟರ್ ಪಂಪ್ ಸವೆದು ನೀರು ಸೋರಿ, ಇಂಜಿನ್ ಕಾದು ಹಬೆಯಾಡಿತು.

ಸಂಜೆಯೇ ಹೊಸ ಪಂಪ್ ತಂದೆ. ಅಣ್ಣ ಹೊರಡುವ ದಿನ ಶುಕ್ರವಾರ, ಗ್ಯಾರೇಜುಗಳಿಗೆ ರಜೆ. ಜಾಬ್ರಿಯಾದ ನಮ್ಮ ಬಿಲ್ಡಿಂಗಿನ ಕೆಳಗೆ ನಾನೇ ಬಾನೆಟ್ ಎತ್ತಿದೆ. ಅಣ್ಣ ಪಕ್ಕದಲ್ಲಿ ನಿಂತರೆ ಸಲಹೆ ಕೊಟ್ಟೇ ತಲೆ ತಿನ್ನುತ್ತಾನೆಂದು ಮೇಲಕ್ಕೆ ಅಟ್ಟಿದೆ. ತುಕ್ಕು ಹಿಡಿದ ಬೋಲ್ಟುಗಳು ಕೈ ತರಚಿದವು. ಅಂತೂ ಹೊಸ ಪಂಪ್ ಕೂರಿಸಿ, ಬೆಲ್ಟ್ ಬಿಗಿದು, ನೀರು ತುಂಬಿ ಸ್ಟಾರ್ಟ್ ಮಾಡಿದರೆ ಒಂದು ಹನಿಯೂ ಸೋರಲಿಲ್ಲ.

ಬಾಲ್ಕನಿಯಿಂದ ಹೆಂಡತಿ ಬಗ್ಗಿದಳು. ಮಂಗಳೂರಿನಿಂದ ಬಂದು ಅವಳಿಗಿನ್ನೂ ತಿಂಗಳಾಗಿರಲಿಲ್ಲ.

"ಎಂತ ಆಯ್ತು?"

"ಖಲಾಸ್!" ಎಂದು ಕೂಗಿದೆ. ಕೆಲಸ ಮುಗಿದರೆ ಇಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು.

ಅಣ್ಣ ಗಿಡ್ಡ. ಅವನ ಅಳತೆಗೆ ಮುಂದಿದ್ದ ಸೀಟನ್ನು ಹಾಗೇ ಬಿಟ್ಟು, ಮೊಣಕಾಲು ಸ್ಟೇರಿಂಗಿಗೆ ತಾಗಿಸಿಕೊಂಡೇ ಪರೀಕ್ಷೆಗೆಂದು ಒಂದು ಸುತ್ತು ಹೊರಟೆ. ಮಸೀದಿಯ ಬಳಿ ನಿಲ್ಲಿಸಿ ರೇಡಿಯೇಟರ್ ನೋಡುತ್ತಿದ್ದಾಗ ಜುಮ್ಮಾ ನಮಾಜಿಗೆ ಬಂದವರ ಕಾರುಗಳು ಹಿಂದೆ ಮುಂದೆ ಅಡ್ಡ ನಿಂತವು. ನಮಾಜು ಮುಗಿಯುವವರೆಗೆ ನಾನು ಅಲ್ಲಾಡುವಂತಿರಲಿಲ್ಲ. ಕೈಯಲ್ಲಿ ಮೊಬೈಲ್ ಇರುವ ಕಾಲವೂ ಅದಲ್ಲ.

ಮನೆಗೆ ಬಂದರೆ ಅಣ್ಣನೂ ಇಲ್ಲ, ಪೆಟ್ಟಿಗೆಗಳೂ ಇಲ್ಲ.

"ಭಾವ ಟ್ಯಾಕ್ಸಿಯಲ್ಲಿ ಹೋದ್ರು. ಕಾರು ಖಲಾಸ್ ಅಂತ ನೀವೇ ಹೇಳಿದ್ದಲ್ವಾ?" ಎಂದಳು ಹೆಂಡತಿ. ಊರಿನಲ್ಲಿ ಖಲಾಸ್ ಎಂದರೆ ಕಥೆ ಮುಗಿಯಿತು ಎಂದೇ ಅರ್ಥ. ಅಣ್ಣ ಕೆಳಗೆ ಇಣುಕಿದಾಗ ಕಾರೂ ಕಾಣದೆ, ತಳ್ಳಿಸಿಕೊಂಡು ಹೋಗಿರಬೇಕು ಅಂದುಕೊಂಡನಂತೆ. ಕಾದು ಕಾದು ವಿಮಾನಕ್ಕೆ ಹೊತ್ತಾಗಿ ಹೊರಟುಬಿಟ್ಟ.

ಸೀಟು ಸರಿಸಲೂ ನಿಲ್ಲದೆ ವಿಮಾನ ನಿಲ್ದಾಣಕ್ಕೆ ಓಡಿಸಿದೆ. ನಾನು ತಲುಪುವಾಗ ಅವನು ಒಳಗೆ ಹೋಗಿಯಾಗಿತ್ತು. ಕಾರು ತಿರುಗಿಸಿಕೊಂಡು ಮನೆಗೆ ಬಂದೆ.

ಮುಂದಿನ ವಾರ ಫೋನಿನಲ್ಲಿ ಅಣ್ಣನೇ ಸಮಾಧಾನ ಹೇಳಿದ: "ಬೇಜಾರು ಮಾಡ್ಬೇಡ ಮಾರಾಯ. ಹಳೆ ಗಾಡಿ, ಎಷ್ಟೂಂತ ಓಡ್ತದೆ?"

"ಇಲ್ಲ ಅಣ್ಣಾ, ಅವತ್ತೇ ಸರಿಯಾಗಿತ್ತು. ಈಗ್ಲೂ ಚೆನ್ನಾಗಿ ಓಡ್ತಾ ಉಂಟು."



"ಹೌದಾ? ನೀನು ಕೊನೇ ಗಳಿಗೆಗಾದ್ರೂ ಕಾರು ತಂದ್ರೆ ಕೀಲಿ ಹಿಡಿಯುವಾ ಅಂತ ನಾನು ಬಲಗೈ ಖಾಲಿ ಇಟ್ಕೊಂಡೇ ಟ್ಯಾಕ್ಸಿ ಹತ್ತಿದ್ದೆ ಮಾರಾಯ."