ಒಂದೇ ಕೈಯಲ್ಲಿ ಹಿಡಿದ ಉಡಿ

ಪಂಚಮಿಗೆ ತವರಿಗೆ ಬಂದ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತೇವಲ್ಲ, ಆಗ ಸೆರಗನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಮೊನ್ನೆ ಡೋಣಿ ಊರಲ್ಲಿ ನನ್ನ ಚಿಕ್ಕಮ್ಮನ ಮಗಳು ಗಂಗವ್ವ ತನ್ನ ಮಗಳು ಸುಜಾತಾಳ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕುತ್ತಿದ್ದಳು. ಹುಡುಗಿ ಒಂದೇ ಕೈಯಲ್ಲಿ ಸೆರಗು ಹಿಡಿದು ನಿಂತಿದ್ದಳು.

“ಎರಡೂ ಕೈಲೆ ಹಿಡಿಯವ್ವಾ, ಅಪಶಕುನ!” ಎಂದರು ಅವಳ ಸೋದರತ್ತೆ.

ಹಿಡಿಯಲು ಹೋದಳು. ಬಲಗೈ ಮೇಲೇಳಲೇ ಇಲ್ಲ. ಅಕ್ಕಿಯೆಲ್ಲ ನೆಲದ ಪಾಲು. (ಎಲ್ಲರೂ ನೋಡಿದ್ದು ಅಕ್ಕಿಯನ್ನು. ನಮ್ಮ ಮಂದಿ!)

“ಬಚ್ಚಲದಾಗ ಜಾರಿ ಬಿದ್ದಿದ್ನಿ” ಎಂದಳು. ಯಾರೂ ಕೇಳಿರಲೇ ಇಲ್ಲ. ಕೇಳುವ ಮೊದಲೇ ಉತ್ತರ ರೆಡಿ ಇತ್ತು.

ಹೊರಗೆ ಅಳಿಯ ಬೈಕಿನ ಹಾರ್ನ್ ಒತ್ತುತ್ತಿದ್ದ. ಲಕ್ಷ್ಮೇಶ್ವರಕ್ಕೆ ಹೋಗಲು ಹೊತ್ತಾಯಿತಂತೆ. ನಾನು ಸುಜಾತಾಳನ್ನು ಅಡುಗೆಮನೆಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದೆ.

“ಖರೆ ಹೇಳು, ಅವ ಹೊಡೀತಾನೇನು?”

ಗಳಗಳ ಅತ್ತಳು. “ತೋಳ ತಿರುವಿದ, ದೊಡ್ಡವ್ವಾ. ಫೋನ್ ಅವನ ಕಡೇನ ಇರತೈತಿ. ಅವ್ವನ ಕೂಡ ಮಾತಾಡಬೇಕಂದ್ರ ಅವನ ಮುಂದ ಕುಂತು, ಸ್ಪೀಕರ್ ಹಚ್ಚೇ ಮಾತಾಡಬೇಕು.”

ಅಯ್ಯೋ ಶಿವನೇ! ಪ್ರತಿ ಫೋನಿನಲ್ಲೂ ಅಳಿಯನ ದನಿ ಕೇಳಿಸುತ್ತದೆಂದು “ಎಷ್ಟ್ ಕಾಳಜಿ ಮಾಡ್ತಾನ” ಅಂತ ಗಂಗವ್ವ ಊರಿಗೆಲ್ಲ ಹೇಳಿಕೊಂಡು ತಿರುಗಿದ್ದಳು. ಅದು ಕಾಳಜಿಯಲ್ಲ, ಕಾವಲು.

“ಈಗ ನಿನಗೇನ ಬೇಕವ್ವಾ?”

“ಹೋಗಂಗಿಲ್ಲ. ಹೋದ್ರ ಉಳಿಯಂಗಿಲ್ಲ.”

ಸೋದರತ್ತೆ ಬಾಗಿಲಾಚೆಯಿಂದಲೇ ತೀರ್ಪು ಕೊಟ್ಟರು: “ಗಂಡ ಹೆಂಡ್ತಿ ಜಗಳ ಉಂಡ ಮಲಗೂ ತನಕ. ಉಡಿ ತುಂಬಿದ ಮ್ಯಾಲ ನಿಂದ್ರಸಬಾರ್ದು.” ಸಿಟ್ಟು ನೆತ್ತಿಗೇರಿತು. ತೋಳು ತಿರುವಿದರೆ ಅದು ಜಗಳವೇನ್ರೀ?

ಗಂಗವ್ವ ಬಾಗಿಲಾಚೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಸೀದಾ ಹೊಸ್ತಿಲಿಗೆ ಹೋಗಿ ನಿಂತಳು.

“ಮಗಳ್ನ ಕಳಸಂಗಿಲ್ಲಪಾ.”

“ಏನ್ ತಮಾಷಿ ಹಚ್ಚೀರಿ? ನನ್ನ ಹೆಂಡ್ತಿ ಅಕಿ!” ಅಳಿಯ ಕಟ್ಟೆ ಹತ್ತಿದ. ಮೊಬೈಲ್ ಎತ್ತಿ ತೋರಿಸಿದೆ. “ಇನ್ನೊಂದ್ ಹೆಜ್ಜಿ ಇಟ್ರ ಪೊಲೀಸರಿಗೆ ಹಚ್ತೀನಿ.” ದುರುಗುಟ್ಟಿ ನೋಡಿದ. “ಹಿರೇರನ್ನ ಕರ್ಕೊಂಡ ಬರ್ತೀನಿ” ಎಂದು ಬೈಕ್ ತಿರುಗಿಸಿದ.

ನಾವು ಗದಗಿನ ಆಸ್ಪತ್ರೆಗೆ ಹೋದೆವು. ಮೂಳೆ ಬಿರುಕು ಬಿಟ್ಟಿತ್ತು. ಹೇಗಾಯಿತೆಂದು ಡಾಕ್ಟರಿಗೆ ಈ ಸಲ ಖರೆಯನ್ನೇ ಹೇಳಿದಳು. ನನ್ನ ಫೋನಿನಿಂದ ಮಹಿಳಾ ಸಹಾಯವಾಣಿಯವರ ಜೊತೆಗೂ ಅವಳೇ ಮಾತಾಡಿದಳು. ಸ್ಪೀಕರ್ ಇಲ್ಲದೆ. ನಾನು ಎದ್ದು ಆಚೆ ಹೋಗಿ ಕುಳಿತೆ.

ಈಗ ಗಂಗವ್ವನ ಮನೆಗೆ ಬಂದವರೆಲ್ಲ ಚಹಾ ಕುಡಿದು ಕೇಳುವುದು ಒಂದೇ: “ಮಗಳ್ನ ಯಾವಾಗ ಕಳಸ್ತೀರಿ?”

ಒಬ್ಬರಾದರೂ, “ತೋಳ ಹ್ಯಾಂಗೈತವ್ವಾ?” ಅನ್ನಬಾರದೇ?