ಮಂಗಟ್ಟೆಯ ಬಾಗಿಲು

ಸುತ್ತಿ ಬಳಸಿ ಹೇಳುವುದಿಲ್ಲ. ಆ ಮಂಗಟ್ಟೆ ಹಕ್ಕಿಯ ಗೂಡು ಒಡೆದವಳು ನಾನೇ. ಇಷ್ಟು ವರ್ಷ ಯಾರು ಕೇಳಿದರೂ ಭಾವನ ಮೇಲೆ ಹಾಕುತ್ತಿದ್ದೆ. ಪಾಪ, ಅವರು ಕ್ಯಾಮೆರಾ ಮಾತ್ರ ಹಿಡಿದಿದ್ದರು.

ಇಂಗ್ಲಿಷರು ಇನ್ನೂ ಇದ್ದ ಕಾಲ, ಯುದ್ಧ ನಡೆಯುತ್ತಿತ್ತು. ಅಕ್ಕ ಚೊಚ್ಚಲ ಹೆರಿಗೆಗೆ ಸಂಸೆಯ ನಮ್ಮ ಮನೆಗೆ ಬಂದಿದ್ದಳು. ಮೂಡಿಗೆರೆಯಲ್ಲಿ ಫೋಟೋ ಅಂಗಡಿ ಇಟ್ಟಿದ್ದ ಭಾವ ಮಗುವನ್ನು ನೋಡಲು ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಮುಖವೆಲ್ಲ ಮಸಿ ಮಾಡಿಕೊಂಡು ಬಂದಿಳಿದರು. ಜೊತೆಗೆ ಮೂರು ಕಾಲಿನ ಕ್ಯಾಮೆರಾ. ಫೋಟೋ ಮೂಡಿಸುವ ಗಾಜಿನ ಪ್ಲೇಟು ಸಿಗದ ದಿನಗಳು, ಅವರ ಹತ್ತಿರ ಇದ್ದದ್ದು ಎರಡೇ. ಅವೂ ಅಕ್ಕನಿಗೆ, ಮಗುವಿಗೆ ಅಂತ ತೆಗೆದಿಟ್ಟವು.

ಅಮ್ಮ ಬಾಣಂತಿ ಕೋಣೆಗೆ ಅಡ್ಡ ನಿಂತಳು. "ಹಸಿ ಬಾಣಂತಿ ಫೋಟೋ ಯಾರಾದ್ರೂ ತೆಗೀತಾರಾ ಅಳಿಯಂದ್ರೇ? ನಲವತ್ತು ದಿನ ಕಳೀಲಿ."

"ಹಾಗಾದ್ರೆ ಹಕ್ಕಿದಾದ್ರೂ ತೆಗೀತೀನಿ. ಅಲ್ಲಿ ಅತ್ತೆ ಅಡ್ಡ ಬರಲ್ಲ," ಎಂದರು ಭಾವ, ಮುಖ ಊದಿಸಿಕೊಂಡು.

ಮರುದಿನ ಬೆಳಿಗ್ಗೆ ರಿಜರ್ವ್ ಕಾಡಿಗೆ ಹೊರಟೆವು. ದಾರಿ ತೋರಿಸಲು ನಮ್ಮ ತೋಟದ ವಯಸ್ಸಾದ ಮೇಸ್ತ್ರಿ, ಪ್ಲೇಟಿನ ಪೆಟ್ಟಿಗೆ ಹೊರಲು ನಾನು. ಅಡ್ಡ ಬರುವ ಕೊಂಬೆ ಎಳೆಯಲು ಕೊಕ್ಕೆ ಕಟ್ಟಿದ ಉದ್ದನೆಯ ಬಿದಿರ ದೋಟಿಯೂ ಇತ್ತು. ನನಗೆ ಆಗ ಹದಿನೇಳು. ಬಾಯಿ ಮಾತ್ರ ಐವತ್ತರದ್ದು.

ಮೇಸ್ತ್ರಿ ತೋರಿಸಿದ ಗೂಡಿನ ಮರ ಇಳಿಜಾರಿನ ಕೆಳಗಿದ್ದುದರಿಂದ ಅದರ ಪೊಟರೆ ನಮ್ಮ ಕಣ್ಣಿನ ನೇರಕ್ಕೇ ಇತ್ತು. ಪೊಟರೆಯ ಬಾಯಿಗೆ ಮಣ್ಣಿನಂಥದ್ದು ಮೆತ್ತಿ, ಸಣ್ಣ ಸೀಳು ಮಾತ್ರ ಉಳಿದಿತ್ತು. ಒಳಗಿನಿಂದ ಹಳದಿ ಕೊಕ್ಕಿನ ತುದಿ ಆಡುತ್ತಿತ್ತು. ಅಷ್ಟರಲ್ಲಿ ಗಂಡು ಮಂಗಟ್ಟೆ ಬಂತು. ಎಂಥ ಹಕ್ಕಿ! ರೆಕ್ಕೆ ಬಡಿತ ಘಾಟಿ ಹತ್ತುವ ಬಸ್ಸಿನ ಏದುಸಿರಿನಂತಿತ್ತು. ಸೀಳಿನೊಳಗೆ ಒಂದೊಂದೇ ಹಣ್ಣು ತುರುಕಿ ಹಾರಿಹೋಯಿತು.

"ಕಟ್ಕೊಂಡವಳ್ನ ಗೋಡೆ ಕಟ್ಟಿ ಕೂಡಿಹಾಕಿದಾನಲ್ಲ, ಭಾವ!" ಎಂದೆ.

ಭಾವ ಕರಿಬಟ್ಟೆಯೊಳಗಿಂದಲೇ ನಕ್ಕರು. "ನಿಮ್ಮಕ್ಕಂಗೂ ಹೀಗೇ ಮಾಡ್ಬೇಕಿತ್ತು ಮಾರಾಯ್ತಿ. ಥೂ, ಕೊಕ್ಕಿನ ತುದಿ ಬಿಟ್ರೆ ಎಂತದೂ ಕಾಣಲ್ಲ."

"ಅದು ಬಾಣಂತಿ ಅಮ್ಮಾ. ಮರಿ ಬಲಿಯೋ ತನಕ ಹಂಗೇ. ಮುಟ್ಟೋ ಹಂಗಿಲ್ಲ," ಎಂದರು ಮೇಸ್ತ್ರಿ.

ಹಕ್ಕಿಗೆಂಥ ಬಾಣಂತನ ಎಂದು ನಕ್ಕೆ. ಬಿಡಿಸಿದರೆ ಅದಕ್ಕೂ ಪುಣ್ಯ, ಭಾವನಿಗೂ ಫೋಟೋ. ಮೇಸ್ತ್ರಿ ಕೈ ಹಿಡಿಯುವ ಮೊದಲೇ ದೋಟಿ ಎತ್ತಿ ಎರಡು ಸಲ ತಿವಿದೆ. ಗಟ್ಟಿ ಹೆಂಟೆಯೊಂದು ಕಳಚಿ ಬಿತ್ತು.

ಹೆಣ್ಣು ಹಾರಿ ಹೋಗುತ್ತದೆ ಅಂದುಕೊಂಡಿದ್ದೆ. ಹಾರುವುದೆಲ್ಲಿಂದ! ಬಾಲವೇ ಇಲ್ಲ, ರೆಕ್ಕೆಯಲ್ಲಿ ಉದ್ದ ಗರಿ ಒಂದೂ ಇಲ್ಲ. ಅದರ ಹೊಟ್ಟೆಯಡಿ ಚರ್ಮವಷ್ಟೇ ಇದ್ದ ಕೆಂಪು ಮರಿ. ತಾಯಿ ಜೋರಾಗಿ ಕಿರುಚಿತು. ದೋಟಿ ಕೈಯಿಂದ ಜಾರಿತು.

"ಎಂತ ಮಾಡಿದ್ಯೆ!" ಭಾವ ಬಟ್ಟೆಯಿಂದ ತಲೆ ಹೊರಗೆ ತೆಗೆದರು.

"ಗರಿ ಉದುರ್ಸ್ಕೊಂಡೇ ಕೂರ್ತದೆ ಅದು. ಈಗ ಕೆಳಗೆ ಬಿದ್ರೆ ಮುಗೀತು. ಬೀಳ್ದಿದ್ರೂ ಹಾವು ಹೊಕ್ರೆ ಮರಿ ಉಳಿಯಲ್ಲ," ಎಂದರು ಮೇಸ್ತ್ರಿ. ಬೈದಿದ್ದರೆ ವಾಸಿಯಿತ್ತು.

ನಾವು ಹಿಂದೆ ಸರಿದು ಬಂಡೆಯ ಮರೆಯಲ್ಲಿ ಕುಳಿತೆವು. ಗಂಡು ಮರಳಿ ಬಂದು ಎರಡು ಸಲ ಸುತ್ತು ಹಾಕಿ ಹೊರಟುಹೋಯಿತು. ಆಮೇಲೆ ಕಂಡದ್ದು ಇವತ್ತಿಗೂ ನಂಬಲಾಗುವುದಿಲ್ಲ. ಹೆಣ್ಣು ತನ್ನ ಹಿಕ್ಕೆಯನ್ನೇ ಕೊಕ್ಕಿನಲ್ಲಿ ಎತ್ತಿ, ಒಡೆದ ಅಂಚಿಗೆ ಪಟಪಟ ಬಡಿದು ಮೆತ್ತತೊಡಗಿತು. ಒಳಗಿನಿಂದ. ತಾನೇ! ಮಧ್ಯಾಹ್ನ ಗಂಡು ಹಣ್ಣು ತಂದಾಗ ನುಂಗಿ, ಮತ್ತೆ ಕೆಲಸಕ್ಕೆ ಹತ್ತಿತು.

"ಭಾವ, ತೆಗೀರಿ," ಎಂದೆ.

"ಬೇಡ ಬಿಡು," ಎಂದು ಅವರು ಮಸೂರಕ್ಕೆ ಮುಚ್ಚಳ ಹಾಕಿದರು. ಎರಡು ಪ್ಲೇಟೂ ಹಾಗೇ ಉಳಿದವು.

ನಾಲ್ಕನೇ ದಿನ ಮೇಸ್ತ್ರಿ ಒಬ್ಬರೇ ಹೋಗಿ ನೋಡಿಬಂದು, "ಮುಚ್ಕೊಂಡದೆ ಅಮ್ಮಾ," ಎಂದರು. ಅವತ್ತೇ ನನಗೆ ಅನ್ನ ಇಳಿದದ್ದು. ಉಂಡು ಅಕ್ಕನಿಗೆ ಹೇಳೋಣವೆಂದು ಕೋಣೆಯ ಬಾಗಿಲು ಅಗಲಕ್ಕೆ ತೆರೆದೆ.

"ಹಾಕೆ ಬಾಗ್ಲು! ಮಗೀಗೆ ಗಾಳಿ ತಾಗ್ತದೆ," ಎಂದು ಅಕ್ಕ ಒಳಗಿನಿಂದ ಗದರಿದಳು.

ಹಾಕಿದೆ.