ಕಂಬಳಿಯ ಮಡಿಕೆಯಲ್ಲಿ ಚಿಗರಿ ಮರಿ

ಫೆಬ್ರುವರಿಯ ಎರಡನೇ ಭಾನುವಾರ ನಮ್ಮ ಮೂರನೇ ನಡಿಗೆ. ಹುಮನಾಬಾದಿನಿಂದ ಬಸವಕಲ್ಯಾಣದ ಕಡೆಗೆ ಹೋಗುವಾಗ ಅರಣ್ಯ ಇಲಾಖೆ ಕಾಯ್ದಿಟ್ಟ ಹುಲ್ಲುಗಾವಲೊಂದಿದೆ. ಚಳಿಗಾಲದಲ್ಲಿ ತಿಂಗಳಿಗೊಮ್ಮೆ ಇಲಾಖೆಯವರು ಸುತ್ತಲಿನ ಕುಟುಂಬಗಳನ್ನು ಅಲ್ಲಿ ನಡೆಸಿಕೊಂಡು ಹೋಗಿ ಪ್ರಾಣಿ ಪಕ್ಷಿ ತೋರಿಸುತ್ತಾರೆ. ಮೊದಲೆರಡು ಸಲ ಅವ್ವ ಮತ್ತು ನಾನು ಇಬ್ಬರೇ ಹೋಗಿದ್ದೆವು. ಈ ಸಲ ಕೊಹಿನೂರ ಹಳ್ಳಿಯಿಂದ ಮಾಮಾನೂ ಬಂದ. ಅವನು ಚಿಕ್ಕಂದಿನಿಂದ ಕುರಿ ಕಾಯುವವನು.

"ದಿನಾ ತಿರಗವಗ ಐತ್ವಾರನೂ ತಿರುಗಸಾಕತ್ತೀರಲ್ಲ," ಎಂದು ಗೊಣಗಿದ.

"ದಿನಾ ಕುರಿ ಬಾಲ ನೋಡ್ಕೋತ ನಡೀತಿ. ಇವತ್ತರ ತಲಿ ಎತ್ತಿ ನಡಿ ಅಣ್ಣಾ," ಎಂದಳು ಅವ್ವ.

ಎಂಟು ಗಂಟೆಯ ಹೊತ್ತಿಗೆ ನನ್ನ ಲೆಕ್ಕದಲ್ಲಿ ಹನ್ನೊಂದು ಟಿಟ್ಟಿಭ ಹಕ್ಕಿ, ಒಂದು ಮೊಲ. ನೋಡಲು ಬಂದ ಚಿಗರಿ, ಅಂದರೆ ಕೃಷ್ಣಮೃಗ, ಒಂದೂ ಇಲ್ಲ. ಅಷ್ಟರಲ್ಲಿ ಬಾರಿ ಹಣ್ಣು ಕೀಳಲು ದಾರಿ ಬಿಟ್ಟು ಪೊದೆಯತ್ತ ಹೋಗಿದ್ದ ಮಾಮಾ, ಕುರಿಮರಿಯಂತೆ ದನಿ ತೆಗೆಯುತ್ತ ವಾಪಸು ಬಂದ. ಮಕ್ಕಳೆಲ್ಲ ನಕ್ಕರು. ಹೆಗಲ ಕಂಬಳಿಯ ಮಡಿಕೆಯಿಂದ ಮಣ್ಣುಬಣ್ಣದ ಪುಟ್ಟ ತಲೆಯೊಂದು ಹೊರಗೆ ಇಣುಕುತ್ತಿತ್ತು.

"ತಾಯಿ ಬಿಟ್ಟು ಹೋಗ್ಯಾಳ. ಮರಿ ಎತಗೊಂಡು ನಡದ್ರ ಹಿಂದ ಬಂದೇ ಬರ್ತಾಳ್ರಿ."

ಅಡವಿಯಲ್ಲಿ ಕುರಿ ಈದರೆ ಅವನು ಮಾಡುವುದೇ ಹಾಗೆ. ಮರಿಯನ್ನು ಕಂಬಳಿಗೆ ಹಾಕಿಕೊಂಡು ಮುಂದೆ ನಡೆಯುತ್ತಾನೆ, ತಾಯಿ ಕೂಗುತ್ತ ಬೆನ್ನು ಹತ್ತುತ್ತದೆ.

ನಮ್ಮನ್ನು ನಡೆಸುತ್ತಿದ್ದ ಗೈಡ್ ಅಕ್ಕನ ಮುಖ ಇಳಿದುಹೋಯಿತು. "ಕಾಕಾ, ಅಲ್ಲೇ ನಿಂದರ್ರಿ! ಅದು ಚಿಗರಿ ಮರಿ. ತಾಯಿನೇ ಹುಲ್ಲಾಗ ಮುಚ್ಚಿಟ್ಟು ಮೇಯಾಕ ಹೋಗಿರ್ತಾಳ. ಮಂದಿ ಹಿಂದ ಬರಂಗಿಲ್ರಿ, ಕಂಡ್ರ ಓಡಿಹೋಗ್ತಾಳ."

"ಕುರಿ ಕಾದು ಕಾದು ಕಂಡದ್ದೆಲ್ಲಾ ಕುರಿ ಅಂತಿ," ಎಂದಳು ಅವ್ವ. "ನಾಳಿ ನನ್ನೂ ಕಂಬಳ್ಯಾಗ ಕಟ್ಟಿ ಒಯ್ತಿ."

ಮಾಮಾ ನಗಲಿಲ್ಲ. "ಸುಮ್ನಿರ ನೀ. ಇದಕ್ಕ ಏನರ ಆದ್ರ ಪಾಪ ನನಗ."

ಪೊದೆಯ ಬಳಿ ಹುಲ್ಲು ಒರಗಿದ್ದ ಜಾಗವನ್ನು ಅವನೇ ಹುಡುಕಿ ಮರಿಯನ್ನು ಮಲಗಿಸಿದ. ಅದು ಕತ್ತು ನೆಲಕ್ಕೆ ಚಾಚಿ ಕಲ್ಲಿನಂತೆ ಬಿದ್ದುಕೊಂಡಿತು. ಅಕ್ಕ ನಮ್ಮನ್ನೆಲ್ಲ ದೂರದ ಒಡ್ಡಿನ ಹಿಂದಕ್ಕೆ ಕರೆದೊಯ್ದು ಕೂರಿಸಿದಳು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು, ನಮ್ಮ ವಾಸನೆ ಅತ್ತ ಹೋಗುವಂತಿರಲಿಲ್ಲ.

"ಬರಲಿಲ್ಲಂದ್ರ?" ಮಾಮಾ ಪಿಸುಗುಟ್ಟಿದ.

"ಇಲಾಖ್ಯಾಗ ಹೇಳಬೇಕಾಗ್ತದ್ರಿ. ಆದ್ರ ಬಾಟ್ಲಿ ಹಾಲಿನ ಮ್ಯಾಲ ಇವು ಬದಕೂದು ಕಷ್ಟ."

ಬಿಸಿಲು ಏರಿತು. ಅವಲಕ್ಕಿ ಚೂಡಾ ಬೇಕೆಂದು ಅಳಲು ಹೊರಟ ಮಗುವಿನ ಬಾಯಿಗೆ ಅದರ ತಾಯಿ ಒಂದು ಹಿಡಿ ತುರುಕಿದಳು. ಹಕ್ಕಿ ಎಣಿಸುವುದನ್ನು ನಾನು ಯಾವಾಗ ನಿಲ್ಲಿಸಿದೆನೋ ನೆನಪಿಲ್ಲ. ಮಾಮಾ ಮಾತ್ರ ಒಡ್ಡಿನ ಮೇಲೆ ಗದ್ದ ಊರಿ, ಕಣ್ಣು ಕೀಳದೆ ಆ ಪೊದೆಯನ್ನೇ ನೋಡುತ್ತಿದ್ದ.

ಕೊನೆಗೆ ಹುಲ್ಲಿನ ಮೇಲೆ ಎರಡು ಕಿವಿ ಕಂಡವು. ಹೆಣ್ಣು ಚಿಗರಿ ನಾಲ್ಕು ಹೆಜ್ಜೆ ಬಂದು ನಿಂತಿತು. ಮರಿಯ ಹತ್ತಿರ ಹೋಗಿ ಮೂಸಿ, ಥಟ್ಟನೆ ಹಿಂದಕ್ಕೆ ಜಿಗಿಯಿತು.

"ಕಂಬಳಿ ವಾಸನಿ ಬಡೀತು," ಎಂದ ಮಾಮಾ.

ಚಿಗರಿ ಪೊದೆಯನ್ನು ಒಂದು ಸುತ್ತು ಹಾಕಿತು. ಮತ್ತೆ ಬಂದು ಮೂಸಿತು. ಈ ಸಲ ಮರಿ ತಾನೇ ನಡುಗುವ ಕಾಲುಗಳ ಮೇಲೆ ಎದ್ದು, ತಾಯಿಯ ಹೊಟ್ಟೆಯ ಕೆಳಗೆ ತಲೆ ತೂರಿಸಿತು. ತಾಯಿ ಸರಿದುಹೋಗಲಿಲ್ಲ. ಮರಿಯ ಬೆನ್ನು ನೆಕ್ಕತೊಡಗಿತು.

"ಕುಡ್ಯಾಕತ್ತದ! ನೋಡ, ಕುಡ್ಯಾಕತ್ತದ!" ಮಾಮಾ ನನ್ನ ಮುಂಗೈಯನ್ನು ನೋಯುವಷ್ಟು ಹಿಡಿದಿದ್ದ.

ಅವೆರಡೂ ದಿಬ್ಬ ದಾಟಿ ಮರೆಯಾದ ಮೇಲೆಯೇ ಅಕ್ಕ ನಮ್ಮನ್ನು ಎಬ್ಬಿಸಿದಳು. ವಾಪಸು ಬರುವಾಗ ಮಾಮಾ ಎಲ್ಲರ ಹಿಂದೆ ಉಳಿದ. ಚಿಟ್ಟೆಯ ಬೆನ್ನು ಹತ್ತಿ ಹುಡುಗಿಯೊಬ್ಬಳು ಪಕ್ಕಕ್ಕೆ ಓಡಿದ್ದೇ ತಡ, ಕೂಗಿದ:

"ಏ ತಂಗೀ, ದಾರಿ ಬಿಡಬ್ಯಾಡವಾ. ಹುಲ್ಲಾಗ ಯಾರದರ ಕೂಸು ಮಲಗಿರ್ತದ."